ಹನ್ನೊಂದು ಗಂಟೆ ಹನ್ನೆರಡು ನಿಮಿಷ

ನಾಲ್ಕನೇ ಮಹಡಿಯ ಮೆಟ್ಟಿಲ ಬದಿಗೆ
ಕೆಂಪು ಬಳಿದ ತಗಡಿನ ಪೆಟ್ಟಿಗೆ.
ಬೀಗ ಎರಡು. ಒಂದರ ಕೈ
ನಿರ್ದೇಶಕರ ಮೇಜಿನೊಳಗೆ,
ಇನ್ನೊಂದು ನನ್ನ ಸೊಂಟದಲ್ಲಿ.
ನಾನು ಕಿಟೋಂಗಾ, ನೈರೋಬಿಯಲ್ಲಿ ವಸತಿ ಇಲಾಖೆಯ ಗುಮಾಸ್ತ,
ಹತ್ತೊಂಬತ್ತು ವರ್ಷ ಆ ಪೆಟ್ಟಿಗೆಯ ಬಾಯಿ ಕಾದವನು.

ಮಾವೆ ಬಡಾವಣೆಗೆ ಟೆಂಡರು ಕರೆದದ್ದು ಮಾರ್ಚಿನಲ್ಲಿ.
ಮಾವೆ ಎಂದರೆ ನಮ್ಮ ಮಾತಿನಲ್ಲಿ ಕಲ್ಲು.
ಬಿಳಿಯರ ಕಾಲದಲ್ಲಿ ರೈಲು ಕೂಲಿಗಳಿಗೆಂದು ಕಟ್ಟಿದ
ಒಂದಂಕಣದ ಮನೆಗಳು, ಇನ್ನೂರ ಹನ್ನೆರಡು,
ನಾಲ್ಕು ಮನೆಗೊಂದು ನಲ್ಲಿ.
ನೆಲ ಸರ್ಕಾರದ್ದು, ದುಡ್ಡು ಕಂಪನಿಯದು,
ಇಪ್ಪತ್ತು ಅಂತಸ್ತು ಏಳಬೇಕು.
ಹತ್ತರಲ್ಲಿ ಎಂಟು ಮಾರಾಟಕ್ಕೆ,
ಎರಡು, ಈಗ ಅಲ್ಲಿ ಇರುವವರಿಗೆ.

ಷರತ್ತು ಹದಿನಾರು:
ಬಿಡ್ ಹಾಕುವವರು ಈ ಮೊದಲು
ಒಂದೇ ಬೇಲಿಯೊಳಗೆ ಮೂರು ಸಾವಿರ ಮನೆ,
ಅದೂ ಉಕ್ಕಿನ ಅಚ್ಚಿನಲ್ಲಿ,
ಅದೂ ಐದು ವರ್ಷದೊಳಗೆ
ಕಟ್ಟಿ ಮುಗಿಸಿರಬೇಕು.

ಓದುವಾಗಲೇ ತಿಳಿಯಿತು, ಅಂಗಿ ಹೊಲಿದಾಗಿದೆ,
ಅಳತೆ ಕೊಟ್ಟವನು ಬಂದು ತೊಡುವುದಷ್ಟೇ ಬಾಕಿ.
ತಿಳಿದದ್ದನ್ನು ನಾಲಿಗೆಯ ಕೆಳಗಿಟ್ಟುಕೊಂಡೆ.
ಸಂಬಳದವರು ಅಲ್ಲಿ ಬಹಳ ಇಡುತ್ತೇವೆ.

ಕೊನೆಯ ದಿನ, ಹನ್ನೊಂದರೊಳಗೆ, ಮೂರು ಲಕೋಟೆ.
ಪೆಟ್ಟಿಗೆಯ ಬಾಯಿಗೆ ಟೇಪು ಅಂಟಿಸಿದೆ.
ಆಮೇಲೆ ಲಿಫ್ಟು ತೆರೆಯಿತು.
ಏದುಸಿರು ಬಿಡುವ ಚಾಲಕ, ಅವನ ಎದೆಗಾನಿಸಿ ನಾಲ್ಕನೆಯದು,
ಅವನ ಹಿಂದೆ ನಿರ್ದೇಶಕರು:
"ನಿನ್ನ ಗಡಿಯಾರ ಮುಂದಿದೆ, ಕಿಟೋಂಗಾ."
ಟೇಪು ಕಿತ್ತೆ. ಲಕೋಟೆ ಒಳಗೆ ಬಿತ್ತು.
ನನ್ನ ಕೈ ಮಾತ್ರ ಪುಸ್ತಕದಲ್ಲಿ ಬರೆದಿತ್ತು
ಹನ್ನೊಂದು ಹನ್ನೆರಡು ಎಂದು.
ಧೈರ್ಯದಿಂದಲ್ಲ. ರೂಢಿಯಿಂದ.

ಗೆದ್ದದ್ದು ನಾಲ್ಕನೆಯದೇ.

ಮಾವೆಯ ಗೇಟಿನಲ್ಲಿ ಮೀನು ಹುರಿಯುವ
ತ್ರುಫೋಸಾ ನೆಕೆಸಾ ಹೈಕೋರ್ಟಿಗೆ ಹೋದಳು.
ಸರ್ಕಾರಿ ವಕೀಲರು ನಗುತ್ತಲೇ ಕೇಳಿದರು:
"ಈಕೆ ಬಿಡ್ ಹಾಕಿದವಳಲ್ಲ, ಕಂಪನಿಯಲ್ಲ,
ಈಕೆಗೆ ಇಲ್ಲಿ ಕೇಳುವ ಹಕ್ಕೇನು?"
ಅವಳು ಎದ್ದಳು, ಯಾರೂ ಏಳೆನ್ನದೆ:
"ಲಕೋಟೆ ಹಾಕಿದವಳು ನಾನಲ್ಲ, ನಿಜ.
ಲಕೋಟೆಯೊಳಗೆ ಇದ್ದವಳು ನಾನು."

ಕೂರಿಸಿದರು. ನನ್ನ ಪುಸ್ತಕ ತರಿಸಿದರು.
ನ್ಯಾಯಮೂರ್ತಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು
"ಈ ಬರಹ ಯಾರದು?"
ನನ್ನದು ಎಂದೆ.
ಅಷ್ಟೇ ನಾನು ಮಾಡಿದ್ದು.

ನಲವತ್ತಾರು ಪುಟದ ತೀರ್ಪು. ಟೆಂಡರು ರದ್ದು,
ಎಲ್ಲ ಮೊದಲಿನಿಂದ.
ಪಡಸಾಲೆಯಲ್ಲಿ ಹೆಂಗಸರು ಕುಣಿದರು.
ಸೋತಿದ್ದ ಎರಡನೇ ಕಂಪನಿಯ ಮಾಲೀಕನೂ ಬಂದು
ತ್ರುಫೋಸಾಳ ಕೈ ಕುಲುಕಿದ,
ನಾಳೆ ಕೆಡವಬೇಕಾದ ಗೋಡೆಯನ್ನು
ತಟ್ಟಿ ನೋಡುವ ಹಾಗೆ.

ಆರು ತಿಂಗಳಾಯಿತು.
ಕಲ್ನಾರಿನ ಚಾವಣಿ ಇನ್ನೂ ಸೋರುತ್ತದೆ.
ಬಾಡಿಗೆಗೆಂದು ಕಂಪನಿ ಕೊಡಬೇಕಿದ್ದ ಹಣವೂ ನಿಂತಿತು.
ಹದಿನೇಳನೇ ಅಂತಸ್ತಿಗೆಂದು ಮುಂಚೆಯೇ
ಹಳದಿ ಪರದೆ ಕೊಂಡಿಟ್ಟಿದ್ದ ಮುಂಬುವಾ
ತ್ರುಫೋಸಾಳ ಒಲೆಯೆದುರು ಉಗಿದು ಹೋಗುತ್ತಾಳೆ.
ಅವಳದೂ ಸುಳ್ಳಲ್ಲ. ಪರದೆ ನಾನು ನೋಡಿದ್ದೇನೆ,
ಕಿಟಕಿಯೇ ಇಲ್ಲದ ಗೋಡೆಗೆ ತೂಗುಹಾಕಿದ್ದಾಳೆ.

ನನಗೆ ವರ್ಗವಾಯಿತು, ಸ್ಮಶಾನಗಳ ವಿಭಾಗಕ್ಕೆ.
ಅಲ್ಲಿ ತಡವಾಗಿ ಬಂದವರನ್ನು
ಯಾರೂ ಬರೆದಿಡುವುದಿಲ್ಲ.

ನಿನ್ನೆ ಸಂಜೆ ಮೀನು ಕೊಂಡೆ.
ಒಂದು ಶಿಲಿಂಗೂ ಕಡಿಮೆ ಮಾಡಲಿಲ್ಲ ಅವಳು.
ಸುತ್ತಿ ಕೊಟ್ಟ ಪತ್ರಿಕೆಯ ಎಣ್ಣೆಯೊಳಗಿಂದ
ಮೆಲ್ಲನೆ ಮೇಲೆದ್ದಿತು: ಮಾವೆ ಬಡಾವಣೆ, ಹೊಸ ಟೆಂಡರು.
ಷರತ್ತು ಹದಿನಾರು ಇಲ್ಲ.
ಹದಿನೇಳನ್ನು ಎರಡು ಸಲ ಓದಿಕೊಂಡೆ.
"ಏನದು?" ಎಂದಳು, ಸೌಟು ಹಿಡಿದೇ.
"ಓದಿ ಹೇಳು."

ನಾಲಿಗೆಯ ಕೆಳಗೆ ಮುಳ್ಳೊಂದು ಸಿಕ್ಕಿತ್ತು.
ತೆಗೆದು, ತಟ್ಟೆಯಂಚಿಗಿಟ್ಟು,
ಓದತೊಡಗಿದೆ.